ಜೇಬಿದ್ದ ಜಾಗ

ನನ್ನ ತಂಗಿ ಒಪ್ಪಿಕೊಂಡಿದ್ದ ಕೊನೆಯ ಕೆಲಸ, ಒಂದು ಹಳೆಯ ಟವೆಲಿನಲ್ಲಿ ಗಂಟು ಕಟ್ಟಿದ ಹಾಗೆಯೇ ಅಂಗಡಿಯ ಅಟ್ಟದ ಮೇಲಿತ್ತು. ಅವಳು ತೀರಿಕೊಂಡ ಮೇಲೆ ಬಾಕಿ ಇದ್ದ ರವಿಕೆಗಳನ್ನೆಲ್ಲ ನಾನು ಹೊಲಿದು ಕೊಟ್ಟೆ. ಸೀರೆಗಳಿಗೆ ಫಾಲ್ಸು ಹಚ್ಚಿ, ಪಿಕೊ ಮಾಡಿ ಮುಗಿಸಿದೆ. ಆ ಗಂಟಿನ ಕಡೆ ಮಾತ್ರ ಕೈ ಹೋಗಲಿಲ್ಲ.

ಶಂಕರಪುರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನಮ್ಮ ಅಂಗಡಿ. ಗಿರಾಕಿಗಳಿಗೆ ನಾನು ದೊಡ್ಡಕ್ಕ, ಅವಳು ಚಿಕ್ಕಕ್ಕ. ಹಳೆಯ ಬಟ್ಟೆಯಿಂದ ಹೊಸದನ್ನು ಮಾಡುವ ವಿದ್ಯೆ ಅವಳದು. ಮನೆ ಮನೆಯಲ್ಲಿ ಹಳೇ ಬಟ್ಟೆ ತೆಗೆದುಕೊಂಡು ಬದಲಿಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸೊಬ್ಬಳು ನಮ್ಮ ಬೀದಿಗೆ ಬರುತ್ತಾಳೆ. ಅವಳ ಹೊರೆಯನ್ನು ನಮ್ಮ ಜಗಲಿಯ ಮೇಲೆ ಇಳಿಸಿಕೊಂಡು ತಂಗಿ ಒಂದೊಂದಾಗಿ ಆರಿಸುತ್ತಿದ್ದಳು. ಯಾರದೋ ಪಂಚೆ ಅವಳ ಕೈಯಲ್ಲಿ ಕುರ್ತಾ ಆಗುತ್ತಿತ್ತು. ಎರಡು ಸವೆದ ಸೀರೆ ಸೇರಿ ಒಂದು ಲಂಗ ಆಗುತ್ತಿತ್ತು. ಕಾಲೇಜು ಹುಡುಗಿಯರು ಮಲ್ಲೇಶ್ವರದಿಂದ ಹುಡುಕಿಕೊಂಡು ಬರುತ್ತಿದ್ದರು. ಕತ್ತರಿಸಿ ಹೊಲಿಯುವವಳು ನಾನು. ಆದರೆ ಏನಾಗಬೇಕು ಎಂದು ನೋಡುವವಳು ಅವಳು.

ಅವಳಿಗೊಂದು ಅಭ್ಯಾಸವಿತ್ತು. ಹಳೆಯ ಬಟ್ಟೆಯನ್ನು ಒಗೆದು ಒಣಗಿಸಿದ ಮೇಲೆ, ಕತ್ತರಿ ಇಡುವ ಮೊದಲು, ಅದನ್ನು ತಾನೇ ಹಾಕಿಕೊಂಡು ಬೀದಿಯ ತುದಿಯವರೆಗೆ ನಡೆದು ಬರುತ್ತಿದ್ದಳು. ಗಂಡಸರ ಕೋಟಾದರೂ ಸರಿ. ಬಂದು ಅದನ್ನು ಒಳಹೊರಗು ಮಾಡಿ ನೆಲದ ಮೇಲೆ ಹಾಸಿ, ಸುಮ್ಮನೆ ನೋಡುತ್ತ ಕೂರುತ್ತಿದ್ದಳು. ನನಗೆ ಇದು ಹಿಡಿಸುತ್ತಿರಲಿಲ್ಲ.

"ಯಾರ ಮೈಮೇಲಿತ್ತೋ ಏನೋ, ತೆಗಿಯೇ," ಅನ್ನುತ್ತಿದ್ದೆ.

"ಹಾಕ್ಕೊಂಡ್ರೆ ತಾನೇ ಅಕ್ಕಾ, ಎಲ್ಲಿ ಎಳೆಯುತ್ತೆ, ಎಲ್ಲಿ ಬಿಡುತ್ತೆ ಗೊತ್ತಾಗೋದು. ನೀನೂ ಒಂದ್ಸಲ ಹಾಕ್ಕೊಂಡು ನೋಡು."

"ನಂಗೆ ಟೇಪು ಸಾಕು."

ಹೀಗಿರುವಾಗ ಒಂದು ಶನಿವಾರ ಆ ಗಂಟಿನ ಒಡತಿ ಬಾಗಿಲಲ್ಲಿ ನಿಂತಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ. ಮದುವೆ ಗೊತ್ತಾಗಿದೆ. ತಂಗಿ ಹೋದ ಸುದ್ದಿ ಅವಳಿಗೆ ಪಕ್ಕದ ಅಂಗಡಿಯವರಿಂದ ತಿಳಿದಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದವಳು ತಂಗಿ ಕೂರುತ್ತಿದ್ದ ಮಣೆಯ ಕಡೆ ಒಮ್ಮೆ ನೋಡಿ, ಅದರ ಮೇಲೆ ಕೂರದೆ ನೆಲದ ಮೇಲೆ ಕೂತಳು. ಅಷ್ಟಕ್ಕೇ ನನಗೆ ಅವಳ ಮೇಲೆ ಪ್ರೀತಿ ಬಂತು.

"ಅಮ್ಮನ ಮದುವೆ ಸೀರೆ ಕೊಟ್ಟಿದ್ದೆ ದೊಡ್ಡಕ್ಕಾ. ಆರತಕ್ಷತೆಗೆ ಅದರಲ್ಲೇ ಏನಾದ್ರೂ ಮಾಡ್ಕೊಡಿ ಅಂತ ಕೇಳಿದ್ದೆ. ನಿಮಗೆ ಕಷ್ಟ ಆದ್ರೆ ವಾಪಸ್ ತಗೊಂಡು ಹೋಗ್ತೀನಿ. ಬೇಜಾರಿಲ್ಲ."

"ಅವಳೇನು ಮಾಡ್ತೀನಿ ಅಂದಿದ್ಲು?"

"ಹೇಳಿಲ್ಲ. ಅಮ್ಮ ಸೊಪ್ಪಿನಂಗಡೀಲಿ ಹಾಕ್ಕೊಳ್ಳೋ ಅಂಗಿಗಳಿದ್ರೆ ಅದನ್ನೂ ತಾ ಅಂದ್ರು ಚಿಕ್ಕಕ್ಕ. ಯಾಕೆ ಅಂತ ಕೇಳ್ದೆ. ನಕ್ಕರು ಅಷ್ಟೇ."

ತಂಗಿ ನಕ್ಕಳು ಎಂದರೆ ಅವಳಿಗೆ ಏನೋ ಕಂಡಿತ್ತು ಎಂದರ್ಥ. ಏನು ಕಂಡಿತ್ತು ಎಂದು ನನಗೆ ಹೇಳುವ ಮೊದಲೇ ಅವಳು ಆಸ್ಪತ್ರೆ ಸೇರಿದಳು. ಅಲ್ಲಿಂದ ಮನೆಗೆ ಬರಲಿಲ್ಲ.

"ಮಾಡ್ಕೊಡ್ತೀನಿ, ಬಿಡು," ಅಂದೆ. ಯಾವ ಧೈರ್ಯದಿಂದ ಅಂದೆನೋ ಗೊತ್ತಿಲ್ಲ. ಇದೊಂದು ನನ್ನ ಕೈಯಲ್ಲಿ ಆಗದಿದ್ದರೆ ಹಳೆ ಬಟ್ಟೆಯ ಕೆಲಸ ನಿಲ್ಲಿಸಿ, ಫಾಲ್ಸು ಪಿಕೊ ಎಂದು ಮಾತ್ರ ಬೋರ್ಡು ಬರೆಸುವುದು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದೆ.

ಗಂಟು ಬಿಚ್ಚಿದಾಗ ನುಸಿ ಗುಳಿಗೆಯ ವಾಸನೆ ಕೋಣೆ ತುಂಬಿತು. ನೇರಳೆ ಹಣ್ಣಿನ ಬಣ್ಣದ ಸೀರೆ, ಹಳದಿ ಅಂಚು, ಅಂಚಿನ ಮೇಲೆ ಸಣ್ಣ ಜರಿಯ ಸಾಲು. ಗುಳಿಗೆ ತಾಗಿದ ಕಡೆ ಜರಿ ಕಪ್ಪಾಗಿತ್ತು. ಅದು ಬಿಟ್ಟರೆ ನಿನ್ನೆ ಮಗ್ಗದಿಂದ ಇಳಿಸಿದ ಹಾಗಿತ್ತು. ಎರಡು ಕೈಯಲ್ಲಿ ಎತ್ತಿ ಕಟಿಂಗ್ ಟೇಬಲ್ಲಿನ ಮೇಲೆ ಹಾಸಿದೆ. ಮೊದಲ ಮಡಿಕೆ ಬಿಡಿಸುವಾಗ ಒಣ ಎಲೆ ಮುರಿದಂಥ ಸಣ್ಣ ಸದ್ದು ಬಂತು. ಮಡಿಕೆಯ ಉದ್ದಕ್ಕೂ ಗೆರೆ ಎಳೆದ ಹಾಗೆ ರೇಷ್ಮೆ ಬಿಟ್ಟುಕೊಂಡಿತ್ತು. ಎರಡನೆಯ ಮಡಿಕೆಯೂ ಹಾಗೇ.

ರೇಷ್ಮೆ ಸೀರೆಯನ್ನು ಆಗಾಗ ತೆಗೆದು, ಗಾಳಿಗೆ ಹಾಕಿ, ಬೇರೆ ಕಡೆ ಮಡಚಿ ಇಡಬೇಕು. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಎಳೆಗಳು ಅಲ್ಲೇ ಮುರಿಯುತ್ತವೆ. ಇದನ್ನು ಯಾರೂ ಸವೆಸಿರಲಿಲ್ಲ. ಮುಟ್ಟದೆ ಇಟ್ಟೇ ಹೀಗಾಗಿತ್ತು.

ಮೊದಲು ಪೇಸ್ಟಿಂಗ್ ಪ್ರಯತ್ನಿಸಿದೆ. ಕಾಲರಿನ ಒಳಗೆ ಇಸ್ತ್ರಿ ಶಾಖದಿಂದ ಅಂಟಿಸುವ ಬಟ್ಟೆ ಅದು. ಒಂದು ಮೂಲೆಯ ಹಿಂದೆ ಅಂಟಿಸಿ ನೋಡಿದೆ. ರೇಷ್ಮೆ ರಟ್ಟಿನ ಹಾಗೆ ಸೆಟೆದು ನಿಂತಿತು. ಬಾಗಿಸಿದರೆ ಅಂಟಿನ ಪಕ್ಕದಲ್ಲೇ ಹೊಸ ಸೀಳು. ಆಮೇಲೆ ತೆಳು ನೆಟ್ ಬಟ್ಟೆ ಕೊಟ್ಟು ಮಿಷನ್ನಿನಲ್ಲಿ ಸಣ್ಣ ಹೊಲಿಗೆ ಹಾಕಿದೆ. ಸೂಜಿ ಹೋದ ದಾರಿಯಲ್ಲೆಲ್ಲ ತೂತು ಸಾಲಾಗಿ, ಹೊಲಿಗೆಯೇ ಬಟ್ಟೆಯನ್ನು ಕೊಯ್ದಿತು. ಮಿಷನ್ ನಿಲ್ಲಿಸಿ ಕೈ ಮಡಿಲಲ್ಲಿಟ್ಟುಕೊಂಡು ಕೂತೆ.

ಅವತ್ತೇ ಪಾತ್ರೆಯವಳು ಬಂದಳು. ಟೇಬಲ್ಲಿನ ಮೇಲಿದ್ದುದನ್ನು ದೂರದಿಂದಲೇ ನೋಡಿ ತಲೆಯಾಡಿಸಿದಳು.

"ಇದು ಹೋಯ್ತು ಅಕ್ಕಾ. ಜರಿ ಲೆಕ್ಕಕ್ಕೆ ಕೊಟ್ಬಿಡಿ. ಸುಟ್ಟು ಬೆಳ್ಳಿ ತೆಗೀತಾರೆ."

"ಇದು ಒಬ್ಬರ ಮದುವೆ ಸೀರೆ."

"ಸುಡೋರಿಗೆ ಬರೋದೆಲ್ಲ ಮದುವೆ ಸೀರೇನೇ ಅಕ್ಕಾ." ಹೊರೆಯನ್ನು ಸರಿಮಾಡಿಕೊಂಡು, "ಚಿಕ್ಕಕ್ಕನ ಬಟ್ಟೆ ಏನಾದ್ರೂ ಇದ್ರೆ ಕೊಡ್ತೀರಾ? ಬೇಗ ಕೊಟ್ಬಿಟ್ರೆ ಒಳ್ಳೇದು ಅಂತಾರೆ," ಎಂದಳು.

"ಇನ್ನೊಂದ್ಸಲ ಬಾ," ಅಂದೆ. ತಂಗಿಯ ಬಟ್ಟೆಗಳು ಒಳಕೋಣೆಯ ಗೂಟದ ಮೇಲೆ ಅವಳು ಬಿಟ್ಟ ಹಾಗೆಯೇ ತೂಗುತ್ತಿದ್ದವು.

ಅವಳು ಹೋದ ಮೇಲೆ ಗಂಟಿನಲ್ಲಿ ಉಳಿದದ್ದನ್ನು ತೆಗೆದೆ. ಮೂರು ಗಂಡಸರ ಅಂಗಿ, ತುಂಬು ತೋಳಿನವು, ಮೂರೂ ಒಂದೇ ಥರದ ನೀಲಿ ಚೌಕಳಿಯ ಹತ್ತಿ ಬಟ್ಟೆ. ಗಂಡನ ಹಳೆಯ ಅಂಗಿಗಳು, ಆಮೇಲೆ ಹೆಂಡತಿಯ ಪಾಲಿಗೆ ಬಂದವು. ಮಾರುಕಟ್ಟೆಯ ಹೆಂಗಸರು ಸೀರೆಯ ಮೇಲೆ ಇಂಥ ಅಂಗಿ ತೊಡುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ನೋಡಿದ್ದೆ ಅಷ್ಟೇ, ಕಣ್ಣಿಟ್ಟಿರಲಿಲ್ಲ. ಚಿಕ್ಕಕ್ಕ ಇವುಗಳಲ್ಲಿ ಏನು ನೋಡಿದಳು? ಹಿಂದೆ ಮುಂದೆ ತಿರುಗಿಸಿದೆ. ಟೇಪು ಹಿಡಿದೆ. ಅಳತೆಯಿಂದ ನನಗೇನೂ ಹೊಳೆಯಲಿಲ್ಲ.

ಕೊನೆಗೆ ಅವಳು ಮಾಡುತ್ತಿದ್ದುದನ್ನೇ ಮಾಡಿದೆ. ಒಂದು ಅಂಗಿಯನ್ನು ನನ್ನ ಸೀರೆಯ ಮೇಲೆ ತೊಟ್ಟು ಹೊರಗೆ ಬಂದೆ. ಎದುರು ಮನೆಯವರು ಗೇಟಿನಲ್ಲಿ ನಿಂತಿದ್ದರು. ನೋಡಿ ಒಳಗೆ ಹೋದರು. ಬೀದಿಯ ತುದಿಗೆ ಬರುವಷ್ಟರಲ್ಲಿ ನನಗೆ ಒಂದು ವಿಷಯ ತಿಳಿಯಿತು. ಅಂಗಿ ಎರಡೂ ಹೆಗಲ ಮೇಲೆ ಒಂದೇ ಥರ ಕೂರುತ್ತಿಲ್ಲ. ಬಲಗಡೆ ಬಟ್ಟೆ ಹಗುರ, ಮೆತ್ತಗೆ. ಎಡಗಡೆ ಗಟ್ಟಿ. ಬಿಸಿಲಿಗೆ ತೋಳು ಚಾಚಿ ನೋಡಿಕೊಂಡೆ. ಬಲ ಹೆಗಲು, ಬಲ ತೋಳು ಬಿಳಿಚಿ ಹಾಲಿನ ಬಣ್ಣಕ್ಕೆ ಬಂದಿದ್ದವು. ಎಡಗಡೆ ಮಾಸಿದ್ದರೂ ಇನ್ನೂ ನೀಲಿ. ಮನೆಗೆ ಓಡಿ ಬಂದು ಉಳಿದೆರಡನ್ನು ನೋಡಿದೆ. ಮೂರೂ ಹಾಗೇ ಇದ್ದವು.

ಯಾಕೆ ಎಂದು ಹೊಳೆದಿದ್ದು ಗಾಂಧಿ ಬಜಾರಿನಲ್ಲಿ. ಸೀರೆ ಹೀಗಾಗಿದೆ ಎಂದು ಹುಡುಗಿಯ ತಾಯಿಗೆ ನಾನೇ ಹೇಳಬೇಕಿತ್ತು. ಹುಡುಗಿ ಜಾಗದ ಗುರುತು ಹೇಳಿದ್ದಳು. ಬೆಳಿಗ್ಗೆ ಹೋದೆ. ಅವರು ಸೊಪ್ಪಿನ ರಾಶಿಯ ಹಿಂದೆ ಕೂತಿದ್ದರು, ಮುಖ ಉತ್ತರಕ್ಕೆ. ಸಾಲಿನ ಕೊನೆಯ ಜಾಗ, ಬಲಕ್ಕೆ ಗೋಡೆಯಿಲ್ಲ, ಮರವಿಲ್ಲ. ಮೂಡಣದ ಬಿಸಿಲು ನೇರವಾಗಿ ಬಂದು ಅವರ ಬಲ ಹೆಗಲ ಮೇಲೆ ಬಿದ್ದಿತ್ತು. ಮೈಮೇಲೆ ಇನ್ನೊಂದು ನೀಲಿ ಚೌಕಳಿ ಅಂಗಿ.

ನಾನು ಅಲ್ಲೇ ನಿಂತುಬಿಟ್ಟೆ. ಒಬ್ಬ ಹೆಂಗಸು ಪ್ರತಿ ದಿನ ಒಂದೇ ಜಾಗದಲ್ಲಿ ಕೂತರೆ ಸೂರ್ಯ ಅದನ್ನು ಬಟ್ಟೆಯ ಮೇಲೆ ಬರೆದಿಡುತ್ತಾನೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಇಷ್ಟು ವರ್ಷ ಬಟ್ಟೆ ಮುಟ್ಟಿದ ಕೈ ನನ್ನದು. ಮಾಸಿದ ಬಟ್ಟೆ ಎಂದು ಬದಿಗೆ ತಳ್ಳಿದ್ದರಲ್ಲಿ ಏನೇನು ಇತ್ತೋ.

"ಏನವ್ವಾ, ಸೊಪ್ಪು ನೋಡ್ತಿದೀಯೋ ನನ್ನ ನೋಡ್ತಿದೀಯೋ?" ಅಂದರು ಆಕೆ. "ಸೊಪ್ಪಾದ್ರೆ ದಂಟು ಚೆನ್ನಾಗೈತೆ. ನಾನಾದ್ರೆ ಹಳೇ ಮಾಲು."

ಪಕ್ಕದಲ್ಲಿ ಹೂವಿನವಳು ನಕ್ಕಳು. ನಾನು ಯಾರೆಂದು ಹೇಳಿದೆ. ಕೂಡಲೇ ಒಂದು ಗೋಣಿ ಮಡಚಿ ಕೂರಲು ಹಾಕಿದರು. ಗಿರಾಕಿಯೊಬ್ಬರಿಗೆ ಕೊತ್ತಂಬರಿ ಕೊಟ್ಟು, ಸ್ಕ್ಯಾನರ್ ತೋರಿಸಿ, ನನ್ನ ಕಡೆ ತಿರುಗಿದರು.

"ನಿಮ್ಮ ತಂಗಿ ಇಲ್ಲಿಗೆ ಬಂದಿದ್ರು ಕಣವ್ವಾ. ಇಲ್ಲೇ, ನೀವು ಕೂತಿರೋ ಜಾಗದಲ್ಲೇ ಕೂತಿದ್ರು. ನನ್ನ ಅಂಗಿ ಮುಟ್ಟಿ ಮುಟ್ಟಿ ನೋಡಿದ್ರು. ಸೀರೆಗೆ ಜೇಬೆಲ್ಲೈತೆ ತಾಯಿ, ಅದಕ್ಕೇ ಹಾಕ್ಕೊಳ್ಳೋದು ಅಂದೆ. ಅವತ್ತು ಎಷ್ಟು ನಕ್ಕರು."

ತಂಗಿ ಇಲ್ಲಿಗೆ ಬಂದಿದ್ದಳು ಎಂದು ನನಗೆ ಗೊತ್ತಿರಲಿಲ್ಲ. ಗೋಣಿಯ ಮೇಲೆ ಕೈಯೂರಿಕೊಂಡೆ. ಆಮೇಲೆ ಸೀರೆಯ ವಿಷಯ ಹೇಳಿದೆ. ಆಕೆ ದಂಟಿನ ಕಟ್ಟಿಗೆ ನೀರು ಚಿಮುಕಿಸುತ್ತಿದ್ದರು. ಕೈ ನಿಂತಿತು.

"ಮದುವೆ ಆದ್ಮೇಲೆ ಒಂದ್ಸಲಾನೂ ಉಡ್ಲಿಲ್ಲ. ಹಾಳಾಗುತ್ತೆ ಅಂತ ಪೆಟ್ಟಿಗೆ ತಳದಲ್ಲಿ ಇಟ್ಟಿದ್ದೆ. ತೆಗೆದೂ ನೋಡ್ಲಿಲ್ಲ, ಕೈ ಬೆವರು ತಾಗುತ್ತೆ ಅಂತ." ಮತ್ತೆ ನೀರು ಚಿಮುಕಿಸಿದರು. "ಇಟ್ಟಿದ್ದೇ ತಪ್ಪಾಯ್ತಾ?"

"ತಪ್ಪಲ್ಲ ಅಮ್ಮಾ. ರೇಷ್ಮೆ ಗುಣ ಹಾಗೆ. ಪೂರ್ತಿ ಹೋಗಿಲ್ಲ, ಏನಾದ್ರೂ ಮಾಡ್ತೀನಿ."

"ಮಾಡಿ. ಆದ್ರೆ ಒಂದು ಮಾತು. ನನ್ನ ಹಳೇ ಅಂಗೀನೂ ತಗೊಂಡೋಗವ್ಳೆ ನನ್ನ ಮಗಳು. ಅದರಲ್ಲಿ ಮಿಷನ್ ಒರೆಸಿಕೊಳ್ಳಿ. ಮದುವೇಲಿ ಅದು ಕಾಣಿಸೋದು ಬೇಡ." ದನಿ ತಗ್ಗಿಸಿದರು. "ನಿಶ್ಚಿತಾರ್ಥದ ದಿನ ಹುಡುಗನ ಸೋದರತ್ತೆ ನನ್ನ ನೋಡಿ, ಓ ನೀವಾ, ಅಂಗಿ ಇಲ್ದೆ ಗುರುತೇ ಸಿಗ್ಲಿಲ್ಲ ಅಂದ್ಲು. ಸೈಟು ವ್ಯವಹಾರದ ಜನ ಅವ್ರು. ಎಲ್ರೂ ನಕ್ಕರು. ನಾನೂ ನಕ್ಕೆ. ನನ್ನ ಮಗಳು ಮಾತ್ರ ನಗ್ಲಿಲ್ಲ."

ದಂಟಿನ ಜೊತೆಗೆ ಒಂದು ಹಿಡಿ ಸಬ್ಬಸಿಗೆಯನ್ನೂ ಚೀಲಕ್ಕೆ ತುರುಕಿ ಕಳಿಸಿದರು.

ಮನೆಗೆ ಬಂದು ಅಂಗಿಗಳ ಹೊಲಿಗೆ ಬಿಚ್ಚತೊಡಗಿದೆ. ಏನು ಮಾಡಬೇಕೆಂದು ಆಗಲೂ ಗೊತ್ತಿರಲಿಲ್ಲ. ಸೀರೆಗೆ ಹಿಂದಿನಿಂದ ಆಸರೆ ಬೇಕು, ಹತ್ತಿ ಬಟ್ಟೆ ಹಳೆಯದಾದರೆ ಮೆತ್ತಗಿರುತ್ತದೆ, ಒಳಗೆ ಲೈನಿಂಗಿಗೆ ಆಗುತ್ತದೆ, ತಾಯಿ ಹೇಳಿದ ಹಾಗೆ ಹೊರಗೆ ಕಾಣುವುದೂ ಇಲ್ಲ ಎಂಬ ಲೆಕ್ಕಾಚಾರ ಮಾತ್ರ. ಬ್ಲೇಡಿನ ಮೂಲೆಯಿಂದ ಒಂದೊಂದೇ ಎಳೆ ಎತ್ತುತ್ತ ಎದೆಯ ಜೇಬಿಗೆ ಬಂದೆ. ಮೂರು ಬದಿ ಬಿಚ್ಚಿ ಜೇಬನ್ನು ಕಿತ್ತು ತೆಗೆದೆ.

ಅದರ ಕೆಳಗೆ ಹೊಸ ಅಂಗಿ ಇತ್ತು. ಬೇರೆ ಹೇಗೆ ಹೇಳಲಿ. ಜೇಬಿನ ಆಕಾರದಲ್ಲಿ, ಅಷ್ಟೇ ಜಾಗದಲ್ಲಿ, ಬಟ್ಟೆ ಅಂಗಡಿಯಿಂದ ತಂದ ದಿನದ ಕಡು ನೀಲಿ. ಚೌಕಳಿಯ ಬಿಳಿ ಗೆರೆಗಳೂ ಹೊಳೆಯುತ್ತಿದ್ದವು. ಸುತ್ತ ಎಲ್ಲ ಮಾಸಿ, ನಡುವೆ ಆ ಒಂದು ತುಂಡು ಬಿಸಿಲನ್ನೇ ಕಾಣದೆ ಉಳಿದುಕೊಂಡಿತ್ತು. ಬಾಗಿಲು ಪೂರ್ತಿ ತೆರೆದು ಬೆಳಕಿಗೆ ಹಿಡಿದೆ. ಆಕೆಯ ಎಲೆ ಅಡಿಕೆ, ಮೊಬೈಲು, ಗಿರಾಕಿ ಕೊಟ್ಟ ಚಿಲ್ಲರೆ ಎಲ್ಲ ಈ ಜೇಬಿನಲ್ಲೇ ಇದ್ದು ಹೋಗಿದ್ದವು. ಅವುಗಳ ಹಿಂದೆ, ಎದೆಗೆ ಒತ್ತಿಕೊಂಡು, ಈ ನೀಲಿ ಇತ್ತು. ಆಕೆಗೇ ಗೊತ್ತಿರಲಿಲ್ಲ. ನಾನು ಬಟ್ಟೆಗೆ ಕೈ ಮುಗಿಯುವವಳಲ್ಲ. ಅವತ್ತು ಮಾತ್ರ ಸ್ವಲ್ಪ ಹೊತ್ತು ಸೂಜಿ ಬ್ಲೇಡು ಎಲ್ಲ ದೂರ ಇಟ್ಟು ಸುಮ್ಮನೆ ಕೂತೆ.

ಬೇರೆ ಎರಡು ಅಂಗಿಗಳ ಜೇಬನ್ನೂ ಬಿಚ್ಚಿದೆ. ಅವುಗಳಲ್ಲೂ ಹಾಗೇ ಇತ್ತು. ಮೂರರಲ್ಲಿ ಚೆನ್ನಾಗಿ ಉಳಿದ ಎದೆಯ ಭಾಗವನ್ನು ನೆಲದ ಮೇಲೆ ಹಾಸಿ, ಪಕ್ಕದಲ್ಲಿ ಸೀರೆಯನ್ನು ಬಿಡಿಸಿದೆ. ಮಡಿಕೆಗಳಲ್ಲಿ ಬಿರಿದ ಸೀರೆ ತಾನಾಗಿಯೇ ಚೌಕ ಚೌಕವಾಗಿ ಬಿಟ್ಟುಕೊಂಡಿತ್ತು. ಚೌಕಗಳ ನಡುಭಾಗ ಗಟ್ಟಿಯಾಗಿತ್ತು, ಎಳೆದರೂ ಬಿಡುತ್ತಿರಲಿಲ್ಲ. ಸೋತದ್ದು ಮಡಿಕೆ ಮಾತ್ರ. ಇಷ್ಟು ದಿನ ನಾನು ಸೀಳನ್ನು ಮುಚ್ಚಲು ಹೆಣಗಿದ್ದೆ. ಸೀರೆ ಹೀಗೆ ಕತ್ತರಿಸು ಎಂದು ಗೆರೆ ಹಾಕಿಕೊಟ್ಟಿತ್ತು. ಈ ಕಡೆ ಅಂಗಿಯ ಚೌಕಳಿ, ಆ ಕಡೆ ಸೀರೆಯ ಚೌಕ. ಅವೆರಡನ್ನು ಒಟ್ಟಿಗೆ ನೋಡಿದಾಗ ನನಗೆ ಮೊದಲ ಸಲ ಏನಾಗಬೇಕು ಎಂದು ಕಂಡಿತು.

ಹುಡುಗಿಯನ್ನು ಕರೆಸಿದೆ. ಆರತಕ್ಷತೆಗೆ ಎಲ್ಲರೂ ತೊಡುವಂಥ ಗೌನ್ ಆಗುವುದಿಲ್ಲ ಎಂದು ಮೊದಲೇ ಹೇಳಿದೆ. ಉದ್ದನೆಯ, ಮುಂದೆ ತೆರೆದ ಒಂದು ಜಾಕೆಟ್. ಮೊಣಕಾಲಿನ ಕೆಳಗಿನವರೆಗೆ. ಅಂಗಿಯ ಹಾಗೇ ತುಂಬು ತೋಳು, ಅಂಗಿಯದೇ ಕಾಲರ್. ಭಾರ ಹೊರುವುದು ಹತ್ತಿ, ಅದರ ಮೇಲೆ ರೇಷ್ಮೆಯ ಚೌಕಗಳು ಕೂರುತ್ತವೆ. ಚೌಕ ಚೌಕದ ನಡುವೆ ಒಂದು ಬೆರಳಗಲ ಬಿಟ್ಟರೆ ಅಲ್ಲಿ ನೀಲಿ ಕಾಣುತ್ತದೆ. ಕೆಳಗೆ ಕೆನೆ ಬಣ್ಣದ ಲಂಗ, ತಂಗಿ ಹಿಂದೆ ಆರಿಸಿಟ್ಟಿದ್ದ ಒಂದು ಹಳೆಯ ಸೀರೆಯದು.

"ಎದೆಯ ಮೇಲೆ ಎಡಗಡೆ ರೇಷ್ಮೆ ಇರಲ್ಲ," ಎಂದು ಜೇಬಿದ್ದ ಜಾಗವನ್ನು ತೋರಿಸಿದೆ. "ಇದು ಹೀಗೇ ಕಾಣಬೇಕು ಅಂತ ನನ್ನ ಆಸೆ. ಆದ್ರೆ ನಿಮ್ಮಮ್ಮ ಬೇಡ ಅಂದಿದಾರೆ."

ಅವಳು ಆ ಕಡು ನೀಲಿಯ ಮೇಲೆ ಬೆರಳಿಟ್ಟಳು. ಅಂಚಿನ ಉದ್ದಕ್ಕೂ ನಿಧಾನವಾಗಿ ಒಂದು ಸುತ್ತು ತಂದಳು.

"ಸ್ಕೂಲಿಂದ ಬಂದು ಈ ಜೇಬೊಳಗೇ ಕೈ ಹಾಕ್ತಿದ್ದೆ ದೊಡ್ಡಕ್ಕಾ. ಅಮ್ಮ ಒಂದು ಚಾಕಲೇಟು ಇಟ್ಟಿರೋರು. ಸಬ್ಬಸಿಗೆ ವಾಸನೆ ಹೊಡೆಯೋದು ಅದು."

"ಏನು ಮಾಡ್ಲಿ ಹೇಳು."

"ಕಾಣ್ಲಿ," ಅಂದಳು. "ಅಮ್ಮನ್ನ ಕರ್ಕೊಂಡು ಬರ್ತೀನಿ. ಅವ್ರೇ ನೋಡಿ ಹೇಳ್ಲಿ."

ತಾಯಿ ಬೇಡವೆಂದರೆ ಎದೆಯ ಆ ಜಾಗವನ್ನು ಮುಚ್ಚಲು ಬೇಕಾಗುವಷ್ಟು ರೇಷ್ಮೆಯ ಒಂದು ಒಳ್ಳೆಯ ತುಂಡನ್ನು ಬೇರೆ ತೆಗೆದಿಟ್ಟು ಕೆಲಸ ಶುರು ಮಾಡಿದೆ.

ಅಂಗಿಗಳ ಬೆನ್ನು, ಎದೆ, ತೋಳುಗಳನ್ನು ತೊಳೆದು, ಗಂಜಿ ಹಾಕದೆ ಒಣಗಿಸಿದೆ. ಮೂರನ್ನೂ ಕೂಡಿಸಿ ಜಾಕೆಟ್ಟಿನ ಅಡಿಯ ಬಟ್ಟೆ ಮಾಡಿಕೊಂಡೆ. ಇಷ್ಟಕ್ಕೆ ಮಾತ್ರ ಮಿಷನ್. ಬಿಳಿಚಿದ ಬಲ ಹೆಗಲನ್ನು ಬಲಕ್ಕೇ ಇಟ್ಟೆ, ನೀಲಿ ಎಡವನ್ನು ಎಡಕ್ಕೇ. ಆಮೇಲೆ ಸೀರೆಯ ಪ್ರತಿ ಮಡಿಕೆಯ ಎರಡೂ ಬದಿ ಸೋತ ಬಟ್ಟೆಯನ್ನು ಕತ್ತರಿಸಿ ತೆಗೆದು, ಗಟ್ಟಿ ಅಂಚನ್ನು ಒಳಗೆ ಮಡಚಿ, ನೀರು ಚಿಮುಕಿಸದೆ ಒಣ ಇಸ್ತ್ರಿ ತಾಗಿಸಿದೆ. ಚೌಕಗಳನ್ನು ಹತ್ತಿಯ ಮೇಲೆ ಜೋಡಿಸಿ ತೆಳು ಸೂಜಿಯಿಂದ ಕೈಯಲ್ಲೇ ಹೊಲಿದೆ. ಸೂಜಿ ಮಡಚಿದ ಅಂಚಿನ ಎರಡು ಪದರದಲ್ಲಿ ಮಾತ್ರ ಹೋಗಬೇಕು, ದಾರವನ್ನು ಬಿಗಿ ಎಳೆಯಬಾರದು. ಬಿಗಿ ಮಾಡಿದರೆ ನಡೆಯುವಾಗ ರೇಷ್ಮೆ ಎಳೆದುಕೊಳ್ಳುತ್ತದೆ.

ಬೆನ್ನಿನ ಮೇಲ್ಭಾಗ ಎರಡು ಸಲ ಬಿಚ್ಚಬೇಕಾಯಿತು. ಮೊದಲ ಸಲ ಚೌಕಗಳನ್ನು ಟೇಪಿನ ಪ್ರಕಾರ ನೇರವಾಗಿ ಜೋಡಿಸಿದ್ದೆ. ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದರೆ ಬೆನ್ನು ಹಲಗೆಯಂತೆ ನಿಂತಿತು. ಎರಡನೆಯ ಸಲ ತೊಟ್ಟುಕೊಂಡೇ ಕನ್ನಡಿಯ ಮುಂದೆ ಕೈ ಮುಂದಕ್ಕೆ ಚಾಚಿ, ಬೆನ್ನು ಎಲ್ಲಿ ಹಿಗ್ಗುತ್ತದೆ ಎಂದು ನೋಡಿ ಗುಂಡುಪಿನ್ನು ಚುಚ್ಚಿಕೊಂಡೆ. ಆದರೂ ಒಂದು ಕಡೆ ಎಳೆಯಿತು. ಮೂರನೆಯ ಸಲ ಸರಿಯಾಯಿತು. ಹಳದಿ ಅಂಚನ್ನು ಕೆಳಗಿನ ಸುತ್ತಿಗೆ ಕೊಟ್ಟೆ. ಕಪ್ಪಾದ ಜರಿಯನ್ನು ತಿಕ್ಕಿ ತೊಳೆಯಲು ಹೋಗಲಿಲ್ಲ.

ಕಿತ್ತ ಜೇಬನ್ನು ಎಸೆಯಲು ಮನಸ್ಸು ಬರಲಿಲ್ಲ. ಒಳಮಗ್ಗುಲಲ್ಲಿ, ಆ ನೀಲಿ ಜಾಗದ ಬೆನ್ನಿಗೇ, ಅದನ್ನು ಮತ್ತೆ ಹೊಲಿದೆ.

ಟ್ರಯಲ್‌ಗೆ ತಾಯಿ ಅಂಗಡಿ ಎತ್ತಿ ನೇರವಾಗಿ ಬಂದರು. ಸೀರೆಯ ಮೇಲೆ ಅಂಗಿ ಹಾಗೇ ಇತ್ತು. ಬಾಗಿಲಲ್ಲೇ ಅದರ ಗುಂಡಿ ಬಿಚ್ಚಲು ಹೋದರು. ಗುಂಡಿ ಬಿಗಿಯಾಗಿತ್ತೋ ಏನೋ, ಅಷ್ಟರಲ್ಲಿ ಹುಡುಗಿ ಒಳಕೋಣೆಯಿಂದ ಜಾಕೆಟ್ ತೊಟ್ಟು ಹೊರಗೆ ಬಂದಳು.

ತಾಯಿ ಗುಂಡಿಯ ಮೇಲೆ ಕೈಯಿಟ್ಟುಕೊಂಡೇ ನಿಂತರು. ಮೊದಲು ನೇರಳೆಯನ್ನು ನೋಡಿದರು, ಮುಖ ಅರಳಿತು. ಆಮೇಲೆ ಚೌಕಗಳ ನಡುವಿನ ನೀಲಿ ಕಣ್ಣಿಗೆ ಬಿತ್ತು. ಅರಳಿದ ಮುಖ ಹಾಗೇ ಮುಚ್ಚಿಕೊಂಡಿತು.

"ನಾನು ಏನು ಹೇಳಿದ್ದೆ ನಿಮಗೆ?" ಅಂದರು ನನಗೆ.

"ಬೇಡ ಅಂದಿದ್ರಿ. ಎದೆ ಮೇಲಿನ ಜಾಗ ಮುಚ್ಚೋಕೆ ತುಂಡು ತೆಗೆದಿಟ್ಟಿದೀನಿ, ಸಂದಿಗೆ ಪಟ್ಟಿ ಹಚ್ಚಬಹುದು. ಈಗಲೇ ಹೊಲಿದುಬಿಡ್ತೀನಿ. ಒಂದ್ಸಲ ಹತ್ತಿರ ಬಂದು ನೋಡಿ ಹೇಳಿ, ಅಷ್ಟೇ."

ಹತ್ತಿರ ಬಂದರು. ಮಗಳ ಎದೆಯ ಮೇಲಿನ ಆ ಕಡು ನೀಲಿಯನ್ನು ದಿಟ್ಟಿಸಿದರು.

"ಇದೇನು, ಹೊಸ ಬಟ್ಟೆ ಹಾಕಿದೀರಾ?"

"ಇಲ್ಲಮ್ಮಾ. ನಿಮ್ಮದೇ ಅಂಗಿ. ಜೇಬಿದ್ದ ಜಾಗ. ಬಿಸಿಲು ಬಿದ್ದಿಲ್ಲ ಅಷ್ಟೇ."

ಆಕೆಗೆ ನಂಬಿಕೆ ಬರಲಿಲ್ಲ. ಉಗುರಿನಿಂದ ಅಂಚನ್ನು ಕೆರೆದು ನೋಡಿದರು, ತುಂಡು ಹಚ್ಚಿದ್ದರೆ ಎದ್ದು ಬರುತ್ತದೆ ಎಂಬಂತೆ. ಅಂಚು ಇರಲಿಲ್ಲ. ಒಂದೇ ಬಟ್ಟೆ. ಕೈ ತಾನಾಗಿ ಅವರ ಸ್ವಂತ ಅಂಗಿಯ ಜೇಬಿಗೆ ಹೋಯಿತು. ಅದನ್ನು ಎದೆಗೆ ಒತ್ತಿ ಹಿಡಿದುಕೊಂಡರು. ಕನ್ನಡಿಯಲ್ಲಿ ಇಬ್ಬರೂ ಕಾಣುತ್ತಿದ್ದರು. ತಾಯಿಯ ಬಲ ಹೆಗಲು ಬಿಳಿಚಿತ್ತು, ಚೌಕಗಳ ನಡುವೆ ಮಗಳದೂ.

ನಾನು ಸೂಜಿಗೆ ದಾರ ಪೋಣಿಸಿ, ತೆಗೆದಿಟ್ಟಿದ್ದ ರೇಷ್ಮೆಯ ತುಂಡನ್ನು ಮಡಿಲಲ್ಲಿ ಇಟ್ಟುಕೊಂಡು ಕಾದೆ.

"ಜೇಬು ಏನು ಮಾಡಿದ್ರಿ?" ಅಂದರು ಕೊನೆಗೆ.

ಹುಡುಗಿ ಜಾಕೆಟ್ಟಿನ ಮುಂಭಾಗ ಸರಿಸಿ ಒಳಗೆ ತೋರಿಸಿದಳು. ತಾಯಿ ಅದರೊಳಗೆ ಎರಡು ಬೆರಳು ಹಾಕಿ ತಳ ಮುಟ್ಟಿ ನೋಡಿದರು.

"ಮದುವೆ ದಿನ ಮೊಬೈಲ್ ಇಟ್ಕೊಳ್ಳೋಕೆ ಜಾಗ ಇಲ್ದೆ ಎಲ್ಲಾ ಹೆಣ್ಮಕ್ಳೂ ಒದ್ದಾಡ್ತಾರೆ. ನಿಂಗೆ ಆ ಕಷ್ಟ ಇಲ್ಲ ಬಿಡು," ಅಂದರು. ಆಮೇಲೆ ನನ್ನ ಮಡಿಲ ಕಡೆ ಕೈ ಚಾಚಿದರು. "ಆ ತುಂಡು ಉಳೀತಲ್ಲ. ಇಲ್ಲಿ ಕೊಡಿ. ನನ್ನ ಕಾಲರ್ ಹರಿದೈತೆ, ಒಳಗಡೆಗೆ ಹಚ್ಚಿಕೊಡಿ. ಯಾರು ನೋಡ್ತಾರೆ, ಕತ್ತಿಗೆ ಮೆತ್ತಗಿದ್ರೆ ಸಾಕು."

ಅಂಗಿ ಬಿಚ್ಚಿ ಕೊಟ್ಟರು. ಅವರು ಕಾಯುತ್ತ ಕೂತಿರುವಾಗಲೇ ಕಾಲರಿನ ಒಳಬದಿಗೆ ಹತ್ತಿಯ ಆಸರೆ ಕೊಟ್ಟು ನೇರಳೆ ರೇಷ್ಮೆ ಹಚ್ಚಿದೆ.

ತಂಗಿ ಹೋಗಿ ವರ್ಷ ತುಂಬಿರಲಿಲ್ಲವಾದ್ದರಿಂದ ನಾನು ಆರತಕ್ಷತೆಗೆ ಹೋಗುವಂತಿರಲಿಲ್ಲ. ಹುಡುಗಿ ಫೋನಿನಲ್ಲಿ ಫೋಟೋ ಕಳಿಸಿದಳು. ದೀಪದ ಬೆಳಕಿನಲ್ಲಿ ನೇರಳೆ ಕಪ್ಪಾಗಿ, ಎದೆಯ ನೀಲಿ ಮಾತ್ರ ಎದ್ದು ಕಾಣುತ್ತಿತ್ತು. ಅದನ್ನು ಬಹಳ ಹೊತ್ತು ನೋಡಿದೆ. ಚಿಕ್ಕಕ್ಕ ಆ ಗೋಣಿಯ ಮೇಲೆ ಕೂತು ಕಂಡದ್ದು ಇದೇ ಇರಬಹುದು, ಇಲ್ಲದೆಯೂ ಇರಬಹುದು. ಅವಳು ಮಾಡಿದ್ದರೆ ಬೇರೆ ಏನೋ ಆಗುತ್ತಿತ್ತು. ಅದನ್ನು ತಿಳಿಯುವ ದಾರಿ ನನಗಿಲ್ಲ.

ಪಾತ್ರೆಯವಳು ಮತ್ತೆ ಬಂದಳು. "ಚಿಕ್ಕಕ್ಕನ ಬಟ್ಟೆ?" ಎಂದು ಕೇಳಲಿಲ್ಲ, ಆದರೆ ನಿಂತಳು. ಇವತ್ತು ಬೇಡ ಎಂದು ಹೇಳಿ ಅವಳ ಹೊರೆ ಇಳಿಸಿಕೊಂಡು ನಾನೇ ಆರಿಸಿದೆ. ಅವಳು ಹೋದ ಮೇಲೆ ಒಳಕೋಣೆಗೆ ಹೋಗಿ ಗೂಟದಿಂದ ತಂಗಿಯ ಒಂದು ಅಂಗಿ ತೆಗೆದೆ. ಯಾರದೋ ಪಂಚೆಯಿಂದ ಅವಳು ತನಗಾಗಿ ಮಾಡಿಸಿಕೊಂಡದ್ದು, ಹೊಲಿದವಳು ನಾನೇ. ಅದನ್ನು ಸೀರೆಯ ಮೇಲೆ ತೊಟ್ಟೆ. ಕತ್ತಿನ ಹಿಂಭಾಗದಲ್ಲಿ ಬಟ್ಟೆ ಎಳೆ ಎದ್ದು ಜುಂಗಾಗಿತ್ತು. ಗಿರಾಕಿಗಳ ಅಳತೆ ತೆಗೆಯಲೆಂದು ದಿನವಿಡೀ ಅವಳ ಕೊರಳಲ್ಲಿ ಇರುತ್ತಿದ್ದ ಟೇಪು ಉಜ್ಜಿ ಉಜ್ಜಿ ಆದದ್ದು. ನನ್ನ ಕತ್ತಿಗೆ ಅದು ತಾಗಿತು.

ಬೀದಿಯ ತುದಿಯವರೆಗೆ ಹೋದೆ. ವಾಪಸು ಬರಲು ಮನಸ್ಸಾಗದೆ ಗಾಂಧಿ ಬಜಾರಿನವರೆಗೂ ನಡೆದೆ.

ಸೊಪ್ಪಿನವರು ದೂರದಿಂದಲೇ ಗುರುತು ಹಿಡಿದು ಗೋಣಿ ಹಾಸಿದರು. ಕಾಲರಿನ ಒಳಗಿಂದ ನೇರಳೆ ಇಣುಕುತ್ತಿತ್ತು.

"ಕೇಳ್ರವ್ವಾ. ಆ ಸೋದರತ್ತೆ ಸ್ಟೇಜ್ ಮೇಲೆ ಬಂದು ನನ್ನ ಮಗಳ ಬಟ್ಟೆ ಮುಟ್ಟಿ ಮುಟ್ಟಿ ನೋಡಿದ್ಲು. ಬಹಳ ಚೆನ್ನಾಗೈತೆ, ಯಾವ ಅಂಗಡೀದು ಅಂದ್ಲು."

"ಏನಂದ್ರಿ?"

"ನನ್ನ ಅಂಗಡೀದು ಅಂದೆ."

ಹೂವಿನವಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ತಂಗಿ ಹೋದ ಮೇಲೆ ಹಾಗೆ ನಕ್ಕದ್ದು ಅವತ್ತೇ ಇರಬೇಕು. ನಗು ನಿಂತ ಮೇಲೆ ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಇದು ನಿಮ್ಮದಲ್ಲ ಅನ್ನಿಸುತ್ತೆ. ತೋಳು ಉದ್ದ ಆಗೈತೆ."

"ಹೂಂ, ಉದ್ದ ಆಗಿದೆ."

"ನೀವೇ ಟೈಲರು. ಕತ್ತರಿಸಿ ಸರಿ ಮಾಡ್ಕೊಳ್ಳೋದಲ್ವಾ?"

"ಬೇಡಮ್ಮಾ, ಹೀಗೇ ಇರ್ಲಿ," ಎಂದು ತೋಳನ್ನು ಎರಡು ಸುತ್ತು ಮೇಲಕ್ಕೆ ಮಡಚಿಕೊಂಡು, ದಂಟಿನ ಸೊಪ್ಪು ಆರಿಸತೊಡಗಿದೆ.